ಅಜ್ಜನ ಧೋತರದ ಚಡ್ಡಿ

ನಾನು ಬಳ್ಳಾರಿಯ ದವಾಖಾನೆಯೊಂದರಲ್ಲಿ ನರ್ಸ್. ಕುರುಗೋಡಿನಿಂದ ಜೀನ್ಸ್ ಹೊಲಿಯುವ ಹೆಣ್ಣುಮಗಳೊಬ್ಬಳು ಐದು ವರ್ಷದ ಮಗಳನ್ನು ಕರೆತಂದಿದ್ದಳು. ಮಗುವಿನ ಮೈಮೇಲೂ ಅವಳೇ ಹೊಲಿದ ಬಿಗಿ ಜೀನ್ಸ್.

"ಉಚ್ಚಿಗೆ ಹೋದ್ರ ಉರಿ ಅಂತ ಅಳ್ತಾಳ್ರೀ ಸಿಸ್ಟರ್. ದಿನಾ ಎರಡು ಸಲ ಘಮಘಮ ಸೋಪು ಹಚ್ಚಿ ತಿಕ್ಕಿ ತೊಳಿತೀನಿ, ಆದ್ರೂ ಕಡಿಮಿ ಇಲ್ಲ."

ಡಾಕ್ಟರು ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಲ್ಲ ಎಂದಿದ್ದರು. ತಿಳಿಹೇಳುವ ಕೆಲಸ ನನ್ನದು.

"ಅಲ್ಲಿ ಸೋಪು ಬ್ಯಾಡವ್ವ. ಬರೇ ಉಗುರುಬೆಚ್ಚನ ನೀರು ಸಾಕು. ಮುಂದಿನಿಂದ ಹಿಂದಕ್ಕ ಮೆಲ್ಲಗ ಒರಸು. ಸಡಿಲ ಹತ್ತಿ ಚಡ್ಡಿ ಹಾಕು. ವಾರದಾಗ ಕಡಿಮಿ ಆಗದಿದ್ರ ಮತ್ತ ಬಾ."

"ಬಸ್ಸಿನಾಗ ಇಷ್ಟು ದೂರ ಬಂದ್ರ ಔಷಧ ಕೊಡದ ಬರೇ ನೀರು ಹೇಳ್ತೀರಲ್ರಿ" ಎಂದು ಮುಖ ಸಣ್ಣದು ಮಾಡಿದಳು.

ಸಿರುಗುಪ್ಪದಲ್ಲಿ ನನ್ನಜ್ಜಿ ಅಜ್ಜನ ಹಳೇ ಧೋತರ ಹರಿದು, ಲಾಡಿ ಹಾಕಿ, ನನಗೆ ದೊಗಳೆ ಚಡ್ಡಿ ಹೊಲಿಯುತ್ತಿದ್ದಳು. ಸಾಲಿ ಹುಡುಗಿಯರು ನಗುತ್ತಾರೆಂದು ನಾನೂ ಹೀಗೇ ಮುಖ ಸಣ್ಣದು ಮಾಡುತ್ತಿದ್ದೆ. "ಗಾಳಿ ಆಡಬೇಕು ಕೂಸ" ಅನ್ನುತ್ತಿದ್ದಳು ಅಜ್ಜಿ. ಆ ಮಾತನ್ನೇ ಇವಳಿಗೂ ಹೇಳಿ ಕಳಿಸಿದೆ.

ವಾರದ ಮೇಲೆ ಉರಿ ಕಳೆದ ಮಗು ನಗುತ್ತ ಬಂತು. ತಾಯಿ ತಾನು ಹೊಲಿದ ಹತ್ತಿ ಚಡ್ಡಿಯೊಂದನ್ನು ಚೀಲದಿಂದ ತೆಗೆದು ತೋರಿಸಿದಳು. ಜೀನ್ಸಿನ ಹಾಗೇ ಜೋಡಿ ಹೊಲಿಗೆ, ಹಿಂದೆ ಎರಡು ಜೇಬು.

ಆ ಜೇಬಿನ ಉಪಾಯವೊಂದು ನನ್ನಜ್ಜಿಗೆ ಹೊಳೆದಿದ್ದರೆ ನಾನು ಅಷ್ಟು ನಾಚಿಕೊಳ್ಳುತ್ತಿರಲಿಲ್ಲ.