ಮೂರರ ಜಾಗದಲ್ಲಿ ಎರಡು

ಗಂಡು ಇಲಿಗಳು ನನ್ನ ಗೆಳತಿಗೆ, ಹೆಣ್ಣಿಲಿಗಳು ನನಗೆ ಎಂದು ಹಂಚಿದವರು ನಮ್ಮ ಗೈಡ್ ಮೇಡಂ. ವಯಸ್ಸಾದಂತೆ ಕಿಡ್ನಿ ಗಂಡಿನಲ್ಲಿ ಹೇಗೆ ಬದಲಾಗುತ್ತದೆ, ಹೆಣ್ಣಿನಲ್ಲಿ ಹೇಗೆ ಎಂಬುದು ನಮ್ಮಿಬ್ಬರ ಪಿಎಚ್‌ಡಿಯ ವಿಷಯ. ಮಲ್ಲೇಶ್ವರದ ಆ ಲ್ಯಾಬಿಗೆ ನಾವು ಒಂದೇ ವಾರ ಸೇರಿದ್ದೆವು. ಅವಳ ಮನೆ ಹನುಮಂತನಗರ, ನನ್ನದು ಚಾಮರಾಜಪೇಟೆ. ಸಂಜೆ ಮೆಜೆಸ್ಟಿಕ್‌ವರೆಗೆ ಒಂದೇ ಬಸ್ಸು, ಅದಕ್ಕೆ ಮೊದಲು ಇಬ್ಬರೂ ಹಂಚಿಕೊಳ್ಳುವ ಒಂದು ಬೈಟು ಕಾಫಿ.

ಎರಡು ವರ್ಷ ಸಾಕಿ ಮುದಿಯಾದ ಇಲಿಗಳ ಕಿಡ್ನಿಯನ್ನು ತೆಳ್ಳಗೆ ಕತ್ತರಿಸಿ ಬಣ್ಣ ಹಾಕಿ ನೋಡಿದಾಗ ಅವಳ ಸ್ಲೈಡುಗಳ ತುಂಬ ನೀಲಿ. ನೀಲಿ ಎಂದರೆ ಒಳಗೆ ಕಲೆಗಟ್ಟಿದ ಜಾಗ. ನನ್ನವುಗಳಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಎಳೆ, ಅಷ್ಟೆ. ಲ್ಯಾಬಿನವರೆಲ್ಲ ಅವಳ ಮೈಕ್ರೋಸ್ಕೋಪಿನ ಸುತ್ತ ಕುರ್ಚಿ ಎಳೆದುಕೊಂಡರು.

“ನಿನ್ನ ಅಜ್ಜೀರಿಗೆ ವಯಸ್ಸೇ ಆಗಲ್ವೇನೇ? ಏನ್ ಹಾಕಿ ಸಾಕ್ತೀಯ ಅವನ್ನ?” ಎಂದು ಅವಳು ನಕ್ಕಳು.

ನಾನೂ ನಕ್ಕೆ. ಹೊಟ್ಟೆ ಉರಿಯುತ್ತಿತ್ತು. ಕೆಡದಿರುವುದೂ ಒಂದು ಫಲಿತಾಂಶವೇ ಎಂದು ನನಗೆ ಗೊತ್ತಿತ್ತು; ಆದರೆ ಅದನ್ನು ನೋಡಲು ಯಾರೂ ಬರಲಿಲ್ಲ. ಪುಣೆಯ ಸಮ್ಮೇಳನದಲ್ಲಿ ಮಾತಾಡಲು ಲ್ಯಾಬಿನಿಂದ ಒಬ್ಬರಿಗೆ ಅವಕಾಶವಿತ್ತು. ಅದು ಅವಳಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು.

ಅಂಕ ಕೊಡುವಾಗ ಯಾವ ಇಲಿಯದೆಂದು ತಿಳಿಯಬಾರದೆಂದು ಸ್ಲೈಡಿನ ಗುರುತಿನ ಮೇಲೆ ಟೇಪು ಅಂಟಿಸಿ ಬರೀ ನಂಬರು ಬರೆಯುತ್ತೇವೆ. ಹಾನಿಗೆ ಸೊನ್ನೆಯಿಂದ ನಾಲ್ಕು ಅಂಕ. ಇಬ್ಬರೂ ಬೇರೆಬೇರೆಯಾಗಿ ಎಲ್ಲವನ್ನೂ ನೋಡಬೇಕು. ಆದರೆ ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಉಂಡೆಗಳನ್ನು ಸುತ್ತುವ ಪೊರೆ ಗಂಡು ಇಲಿಯಲ್ಲಿ ದಪ್ಪ, ಹೆಣ್ಣಿನಲ್ಲಿ ತೆಳು. ತಿಂಗಳುಗಟ್ಟಲೆ ತೆಳುವನ್ನೇ ನೋಡಿದ್ದ ನನಗೆ, ದಪ್ಪ ಕಂಡೊಡನೆ ಅದು ಅವಳದೆಂದು ತಿಳಿಯುತ್ತಿತ್ತು. ಅಂಥ ಸ್ಲೈಡಿನಲ್ಲಿ ಮೂರೋ ಎರಡೋ ಎಂದು ಅನುಮಾನ ಬಂದಾಗಲೆಲ್ಲ ಎರಡು ಬರೆದೆ. ಅನುಮಾನವಿಲ್ಲದ ಕಡೆಯೂ ಬರೆದೆ.

ನಮ್ಮ ಅಂಕಗಳು ತಾಳೆಯಾಗಲಿಲ್ಲ. ಮೇಡಂ ಅವಳಿಗೆ, “ನೀನು ಸ್ವಲ್ಪ ಜಾಸ್ತಿ ಕೊಟ್ಟಿದೀಯ ಅನ್ಸತ್ತೆ. ಇವಳು ನಿಧಾನ, ಇವಳ ಕಣ್ಣು ನಂಬ್ತೀನಿ. ಪುಣೆಗೆ ಯಾರು ಅಂತ ಆಮೇಲೆ ನೋಡೋಣ” ಎಂದರು.

ಆ ಸಂಜೆ ಅವಳು ಕಾಫಿ ಲೋಟ ಹಿಡಿದು, “ನಾನೆಲ್ಲಿ ತಪ್ಪು ನೋಡ್ತಿದೀನಿ ತೋರಿಸ್ಕೊಡೇ. ನಾಳೆ ಪಕ್ಕ ಕೂತ್ಕೋ” ಎಂದಳು.

ಮರುದಿನ ಕೂತೆ. ಮೊದಲ ಸ್ಲೈಡು ಇಟ್ಟು, “ಎರಡಾ?” ಎಂದಳು. ಮೂರೆಂಬುದು ಎದ್ದು ಕಾಣುತ್ತಿತ್ತು.

“ಮೂರು,” ಎಂದೆ.

ಮುಂದಿನದಕ್ಕೂ ನನ್ನ ಮುಖ ನೋಡಿ, “ಎರಡು?” ಎಂದಳು. ತನ್ನ ಕಣ್ಣನ್ನು ತಾನೇ ನಂಬದಂತಾಗಿದ್ದಳು.

ನಾನು ಎದ್ದು ಮೇಡಂ ಕೋಣೆಗೆ ಹೋದೆ. ಪೊರೆ ನೋಡಿದರೆ ಗಂಡು ಯಾವುದು, ಹೆಣ್ಣು ಯಾವುದು ಎಂದು ನನಗೆ ತಿಳಿದುಬಿಡುತ್ತದೆ, ನನ್ನ ಅಂಕ ಬಿಟ್ಟುಬಿಡಿ ಎಂದೆ.

“ಹಾಗಾದ್ರೆ ನಿಮ್ಮಿಬ್ಬರದೂ ಬೇಡ” ಎಂದು ಮೇಡಂ ಸ್ಲೈಡುಗಳನ್ನು ನಮ್ಮಿಬ್ಬರನ್ನೂ ಅರಿಯದ ಬೇರೊಬ್ಬರಿಗೆ ಕಳಿಸಿದರು. ನಾನು ಎರಡು ಬರೆದಿದ್ದ ಕಡೆ ಅಲ್ಲಿಂದ ಮೂರುಗಳೇ ಬಂದವು.

ಪುಣೆಗೆ ಅವಳೇ ಹೋದಳು. ಹೊರಡುವ ಮುನ್ನ ನನ್ನ ಕೈ ಹಿಡಿದು, “ನೀನು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಣೇ” ಎಂದಳು. ಗುರುತು ಹಿಡಿದದ್ದನ್ನಷ್ಟೇ ಹೇಳಿದ್ದೆ. ಕಡಿಮೆ ಬರೆದದ್ದನ್ನು ಇಂದಿಗೂ ಹೇಳಿಲ್ಲ.

ಅವಳು ವೇದಿಕೆಯಿಂದ ಮಾತಾಡುತ್ತಿರುವ ಫೋಟೋ ಮಧ್ಯಾಹ್ನ ಮೊಬೈಲಿಗೆ ಬಂತು. ಹಿಂದಿನ ಪರದೆಯ ಮೇಲೆ ನನ್ನ ಹೆಸರಿಗೂ ಒಂದು ಧನ್ಯವಾದವಿತ್ತು. ಅದನ್ನು ಆಮೇಲೆ ನೋಡಿದೆ. ಮೊದಲು ನೋಡಿದ್ದು, ಎದುರಿನ ಕುರ್ಚಿಗಳಲ್ಲಿ ಎಷ್ಟು ಖಾಲಿ ಇವೆ ಎಂದು.