ಉಪ್ಪೊಂದನ್ನು ಬಿಟ್ಟು

ಅವರ ಬಲಗೈ ಮೇಲೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಹಸಿರು ಹಚ್ಚೆ ಇತ್ತು. ಒಂದು ಬಳ್ಳಿ, ನಾಲ್ಕಾರು ಎಲೆ, ನಡುವೆ ಬಾಲ ಎತ್ತಿದ ಚೇಳು. ನಾನು ಅವರನ್ನು ಮೊದಲು ಕಂಡ ದಿನ ಆ ಚೇಳಿನ ಕೊಂಡಿಯವರೆಗೂ ಸಗಣಿ ಮೆತ್ತಿಕೊಂಡಿತ್ತು. ಮಳವಳ್ಳಿಯ ಸಂತೆ ಮುಗಿದು ಗಾಡಿಗಳು ಹಳ್ಳಿಗಳ ಕಡೆ ತಿರುಗಿದ್ದ ಹೊತ್ತು. ಎತ್ತುಗಳು ದಾರಿಯಲ್ಲಿ ಹಾಕಿದ್ದನ್ನು ಈಕೆ ಬರಿಗೈಯಲ್ಲಿ ಬಾಚಿ ಬುಟ್ಟಿಗೆ ತುಂಬುತ್ತಿದ್ದರು. ಹಿಂದೆ ಹತ್ತು ಹನ್ನೊಂದು ವರ್ಷದ ಮಗಳು ಇನ್ನೊಂದು ಬುಟ್ಟಿ ಹಿಡಿದು ನಿಂತಿದ್ದಳು. ಮದುವೆಯಾಗಿ ಬಂದು ವಾರವೂ ಆಗದ ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅವರು ತಲೆ ಎತ್ತಿ ಕೇಳಿದರು:

"ಒಸ್ದಾಗಿ ಬಂದೋರಾ ಅಮ್ಮಣ್ಣಿ? ನಿಮ್ ಬಚ್ಚಲ್ ನೀರು ಎತ್ತಾಗ್ ಓಯ್ತದೆ?"

"ಬೀದಿಗೆ" ಎಂದೆ.

"ಬೀದಿ ಏನ್ ಬೆಳ್ದು ಕೊಟ್ಟದು? ನಮ್ ಕಡೀಕ್ ಬುಡಿ. ಬಾಳೆ ಒಣಗ್ತಾ ಅವೆ."

ಸಂಜೆಯೊಳಗೆ ಬೇಲಿಯ ಬುಡದಲ್ಲಿ ಕಾಲುವೆ ತೋಡಿ ನಮ್ಮ ಬಚ್ಚಲ ನೀರನ್ನು ತಮ್ಮ ಹಿತ್ತಲಿಗೆ ತಿರುಗಿಸಿಕೊಂಡೇ ಬಿಟ್ಟರು. ಆವತ್ತು "ನೀವು" ಎಂದವರು ಮಾರನೆಯ ದಿನದಿಂದ "ನೀನು" ಎಂದರು. ನಾನು ಅವರನ್ನು "ಅಕ್ಕ" ಎಂದು ಕರೆದೆ. ಕೊನೆಯವರೆಗೂ ಹಾಗೆಯೇ ನಡೆಯಿತು.

ಅದು ಮೂವತ್ತರ ದಶಕದ ಮೊದಲ ವರ್ಷಗಳು. ನನ್ನ ಯಜಮಾನರು ಮಿಡಲ್ ಸ್ಕೂಲಿನಲ್ಲಿ ಮೇಷ್ಟ್ರು. ಪೇಟೆ ಮುಗಿದು ಹೊಲ ಶುರುವಾಗುವ ಕಡೆ ಹೊಸದಾಗಿ ಎದ್ದ ಬೀದಿಯಲ್ಲಿ ನಮ್ಮದು ಬಾಡಿಗೆ ಮನೆ, ಪಕ್ಕದ ನಾಡಹೆಂಚಿನ ಮನೆ ಅವರದು. ಅವರ ಗಂಡ ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಬ್ಲಫಿನಲ್ಲಿ ಕೆಲಸದಲ್ಲಿದ್ದರಂತೆ. ಮಗಳ ಓದಿಗೆ ಅನುಕೂಲವಾಗಲೆಂದು ಇಲ್ಲಿ ಮನೆ ಕಟ್ಟಿಸಿ, ಹಾಲುಕ್ಕಿಸುವ ಮೊದಲೇ ಚಳಿಜ್ವರದಲ್ಲಿ ತೀರಿಕೊಂಡರು. ಕ್ವಾರ್ಟರ್ಸು ಬಿಡಬೇಕಾಯಿತು. ಬಂಡೂರಿನ ಮಗ್ಗುಲ ಹಳ್ಳಿಯಿಂದ ಅಣ್ಣ ಗಾಡಿ ತಂದು ತಾಯಿ ಮಗಳನ್ನು ತವರಿಗೆ ಕರೆದೊಯ್ದ. ತಿಂಗಳು ಕಳೆಯುವುದರೊಳಗೆ ಅಕ್ಕ ಅದೇ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಈ ಮನೆಗೆ ಬಂದಿಳಿದರು.

ಏಕೆ ಬಂದರೆಂದು ಅವರೇ ಒಂದು ಮಧ್ಯಾಹ್ನ ಹರಳುಬೀಜ ಕುಟ್ಟುತ್ತ ಹೇಳಿದರು.

"ನಮ್ಮಣ್ಣ ಕೆಟ್ಟೋನಲ್ಲ ಕಣಮ್ಮಣ್ಣಿ. ಅಟ್ಟಿ ತುಂಬ ರಾಗಿ ಅದೆ, ಮಕ್ಳಿಲ್ಲ. ನನ್ ಮಗಳ್ನ ಎಲ್ಡನೇದಾಗಿ ಮಾಡ್ಕೋತೀನಿ ಅಂತಾನೆ. ನಮ್ಮಲ್ಲಿ ಸೋದರಮಾವಂಗೆ ಕೊಡಾದು ಒಸದೇನಲ್ಲ. ಆದ್ರೆ ನಂಗೆ ಇಷ್ಟ ಇಲ್ಲ. ಅವನ್ ರಾಗೀನೇ ತಿನ್ಕೊಂಡು ಅವಂಗೇ ಬ್ಯಾಡ ಅನ್ನಾಕಾಯ್ತದಾ?"

ಆ ಹಿತ್ತಲಿನ ದುಡಿಮೆ ಯಾತಕ್ಕೆಂದು ನನಗೆ ಅರ್ಥವಾದದ್ದು ಆವತ್ತು. ಮಗಳನ್ನು ಏನು ಮಾಡಬೇಕೆಂದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಬ್ಲಫಿನ ಆಸ್ಪತ್ರೆಯಲ್ಲಿ ಗಂಡನನ್ನು ನೋಡಿಕೊಂಡ ನರ್ಸಮ್ಮನನ್ನು ಅವರು ಮರೆತಿರಲಿಲ್ಲ. "ಬಿಳೀ ಸೀರೆ ಉಟ್ಕೊಂಡು ಗಂಡಸ್ರಿಗೆಲ್ಲ ಗದ್ರೋಳು. ಯಾರ್ ಮನೇ ಬಾಗ್ಲಲ್ಲೂ ನಿಂತೋಳಲ್ಲ. ನನ್ ಮಗಳೂ ಅಂಗೇ ಆಗ್ಬೇಕು."

ಅವರ ಹಿತ್ತಲು ನೆಲವೆಂದು ಕರೆಯುವಂತಿರಲಿಲ್ಲ. ಗುದ್ದಲಿ ಇಟ್ಟ ಕಡೆಯೆಲ್ಲ ಕಲ್ಲು. ಅಗೆದ ಕಲ್ಲನ್ನೇ ಒಂದರ ಮೇಲೊಂದು ಪೇರಿಸಿ ಸುತ್ತ ಮೊಣಕಾಲುದ್ದದ ಗೋಡೆ ಎಬ್ಬಿಸಿದರು. ಕಲ್ಲು ಕಿತ್ತ ಗುಂಡಿಗೆ ಸಗಣಿ, ತರಗೆಲೆ, ಒಲೆಯ ಬೂದಿ ಹಾಕಿ ಮಣ್ಣು ಮಾಡಿಕೊಂಡರು. ಮೊದಲ ವರ್ಷ ನೆಟ್ಟ ನುಗ್ಗೆ ಕೊಂಬೆ ಒಂದೂ ಚಿಗುರಲಿಲ್ಲ. ಬದನೆಗೆ ಹುಳು ಬಿತ್ತು. ಬೀದಿಯವರು ನಕ್ಕರು. ಬ್ಲಫಿನಲ್ಲಿ ಕರೆಂಟು ದೀಪದ ಕೆಳಗೆ ಅಡಿಗೆ ಮಾಡಿದವಳು ಇಲ್ಲಿ ಸಗಣಿ ಆಯುತ್ತಾಳೆ ಎಂದು ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಅಕ್ಕ ಮುಂದಿನ ಮಳೆಗೆ ಮತ್ತೆ ನುಗ್ಗೆ ನೆಟ್ಟರು.

ಬೆಳ್ಳಿ ಕಾಲುಕಡಗ ಕೊಟ್ಟು ಬಂಡೂರಿನಿಂದ ಎರಡು ಹೆಣ್ಣುಕುರಿ ತಂದರು. ಗಿಡ್ಡ ಕಾಲಿನ, ಉರುಟು ಮೈಯ ಆ ಕುರಿಗಳನ್ನು ಅವರು ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡರು. ಮರಿ ಬಲಿತ ಮೇಲೆ ಒಬ್ಬ ರೈತನಿಗೆ ಕೊಟ್ಟು ಅವನಿಂದ ರಾಗಿ ತೆಗೆದುಕೊಳ್ಳುವುದೆಂದು ಮಾತಾಯಿತು. ಬೇಲಿಗುಂಟ ಹರಳು ಗಿಡ. ಅದರ ಬೀಜವನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದರು. ತಲೆಗೂ ಅದೇ, ದೀಪಕ್ಕೂ ಅದೇ. ಹೆಂಚಿನ ಮೇಲೆ ಹೀರೆ, ಗೋಡೆ ಮೇಲೆ ಅವರೆ, ಬಚ್ಚಲ ನೀರಿಗೆ ಬಾಳೆ, ಕೆಸ. ಮೂರನೆಯ ವರ್ಷಕ್ಕೆ ಅವರು ಸಂತೆಗೆ ಹೋಗುವುದನ್ನೇ ಬಿಟ್ಟಿದ್ದರು. ನಾನು ಹೊರಟಾಗ ಚಿಕ್ಕ ಗಡಿಗೆ ಕೊಟ್ಟು, "ಉಪ್ಪೊಂದ್ ತಂದ್ಬುಡಮ್ಮಣ್ಣಿ. ಅದೊಂದು ನನ್ ಇತ್ಲಲ್ಲಿ ಬೆಳ್ಯಾಕಿಲ್ಲ" ಅನ್ನುತ್ತಿದ್ದರು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅಣ್ಣ ಬಂದ. ಗಾಡಿಯಲ್ಲಿ ರಾಗಿ ಮೂಟೆಗಳು. ಹಿಂದಿನ ವರ್ಷಗಳಲ್ಲಿ ಅಕ್ಕ ಅದನ್ನು ಇಳಿಸಿಕೊಂಡಿದ್ದರು, ಬೇರೆ ದಾರಿ ಇರಲಿಲ್ಲ. ಆವತ್ತು ಅಣ್ಣನಿಗೆ ಕೈಕಾಲಿಗೆ ನೀರು ಕೊಟ್ಟು ಮೊದಲು ಊಟಕ್ಕೆ ಕೂರಿಸಿದರು. ಮುದ್ದೆ, ಅವರೆಕಾಳಿನ ಸಾರು, ನುಗ್ಗೆಸೊಪ್ಪು, ಬಾಳೆಹಣ್ಣು. ನಾನು ಬೇಲಿಯ ಈಚೆ ಬಟ್ಟೆ ಹರವುತ್ತಿದ್ದೆ, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಉಂಡು ಕೈ ತೊಳೆದ ಅಣ್ಣ ಮೂಟೆ ಇಳಿಸಲು ಎದ್ದ.

"ಅಣ್ಣಯ್ಯ, ಈಗ ಉಂಡ್ಯಲ್ಲ, ಏನಾರ ಕಮ್ಮಿಯಾಗಿತ್ತಾ?"

"ಕಮ್ಮಿ ಏನಿಲ್ಲ ಕಣವ್ವ. ಒಟ್ಟೆ ತುಂಬ್ತು."

"ಅಂಗಾರೆ ಮೂಟೆ ಗಾಡೀಲೇ ಇರ್ಲಿ. ನೀನು ಉಂಡಿದ್ದೆಲ್ಲ ಈ ಮನೇದೇಯ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ತವರು ಕಾಳು ಬ್ಯಾಡ ಅಂದ್ರೆ ಜನ ಏನಂದಾರು?" ಎಂದ.

"ಜನಕ್ಕೆ ನಾನು ಏಳ್ಕೋತೀನಿ. ಮಗಳ್ ಮಾತು ಇನ್ನೆತ್ತಾಕಿಲ್ಲ ಅಂತ ನೀನು ಒಂದ್ ಮಾತು ಏಳು, ನಾನೇ ಒತ್ಕೊಂಡ್ ಬಂದು ಒಳೀಕ್ ಇಡ್ತೀನಿ."

ಅಣ್ಣ ರುಮಾಲು ಕೊಡವಿ ತಲೆಗೆ ಸುತ್ತಿಕೊಂಡು ಗಾಡಿ ಹತ್ತಿದ. ಮೂಟೆಗಳು ಬಂದ ಹಾಗೆಯೇ ವಾಪಸು ಹೋದವು. ಅಕ್ಕ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತಿದ್ದು ಹಿತ್ತಲಿಗೆ ಬಂದರು. ಕತ್ತಲಾಗುವ ತನಕ ಗುದ್ದಲಿ ಕಲ್ಲಿಗೆ ತಾಗುವ ಸದ್ದು ಕೇಳುತ್ತಲೇ ಇತ್ತು.

ಮುಂದಿನ ಕಾರ್ತಿಕದಲ್ಲಿ ಅವರಿಗೆ ಚಳಿಜ್ವರ ಬಂತು. ಗಂಡನನ್ನು ತೆಗೆದುಕೊಂಡು ಹೋದ ಅದೇ ಜ್ವರ. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಮಂಚ ಅದುರುತ್ತಿತ್ತು. ಕ್ವಿನೈನ್ ನುಂಗಿ ಕಿವಿ ಮಂದವಾಯಿತು. ಜ್ವರ ಬಿಟ್ಟಂತೆ ಮಾಡಿ ಮತ್ತೆ ತಿರುಗಿ ಬರುತ್ತಿತ್ತು. ಮಗಳಿಗೆ ಮುಂದಿನ ಬೇಸಿಗೆಗೆ ಲೋಯರ್ ಸೆಕೆಂಡರಿ, ಮಿಡಲ್ ಸ್ಕೂಲಿನ ಕೊನೆಯ ಪರೀಕ್ಷೆ. ಅವಳು ಪುಸ್ತಕ ಮಡಿಸಿಟ್ಟು, ತಾನು ಮನೆಯಲ್ಲೇ ಇರುತ್ತೇನೆ ಎಂದಳು.

"ನೀನು ಸ್ಕೂಲ್ ಬುಟ್ರೆ ನಾನು ಔಸ್ದಿ ಬುಡ್ತೀನಿ" ಎಂದರು ಅಕ್ಕ. ಹೇಳಿದ್ದಷ್ಟೇ ಅಲ್ಲ, ಆ ಹೊತ್ತಿನ ಮಾತ್ರೆಯನ್ನು ನುಂಗದೆ ಕೈಯಲ್ಲೇ ಹಿಡಿದು ಮಲಗಿದರು. ಹುಡುಗಿ ಅಳುತ್ತ ಸ್ಕೂಲಿಗೆ ಹೋದ ಮೇಲೆ ನುಂಗಿದರು.

ಹಾಗಾಗಿ ಹಿತ್ತಲು ನನ್ನ ಪಾಲಿಗೆ ಬಂತು. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನನಗೆ ಕುಡುಗೋಲು ಹಿಡಿಯುವ ಬಗೆಯೇ ಗೊತ್ತಿರಲಿಲ್ಲ. ಯಜಮಾನರನ್ನು ಕೇಳಿದೆ. ಅವರು ಪತ್ರಿಕೆಯಿಂದ ಕಣ್ಣು ತೆಗೆದು, "ಕೈ ಕುಯ್ದುಕೋಬೇಡ" ಎಂದಷ್ಟೇ ಹೇಳಿದರು. ಬದುವಿನ ಹುಲ್ಲು ಕೊಯ್ದೆ, ಕುರಿ ದೊಡ್ಡಿ ಗುಡಿಸಿದೆ, ಸೊಪ್ಪಿಗೆ ನೀರು ಹೊತ್ತೆ. ಅಕ್ಕ ಮಲಗಿದಲ್ಲಿಂದಲೇ ಕಿಟಕಿಯಲ್ಲಿ ನೋಡಿ ಕೂಗುತ್ತಿದ್ದರು: "ಬುಡಕ್ಕೆ ಉಯ್ಯಮ್ಮಣ್ಣಿ, ಎಲೇನ್ಯಾಕ್ ಮೀಯಿಸ್ತೀಯ?" ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬೀದಿಯವರಿಗೆ ಈಗ ಆಡಿಕೊಳ್ಳಲು ನಾನೂ ಸಿಕ್ಕಿದೆ.

ಸುದ್ದಿ ತಿಳಿದು ಅಣ್ಣ ಬಂದಾಗ ನಾನು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದೆ. ಅವನು ದಾರಿ ಬಿಟ್ಟು ನಿಂತ. ಆಮೇಲೆ ಒಳಗೆ ಹೋಗಿ ತಂಗಿಯ ಮಂಚದ ಪಕ್ಕ ಕೂತ.

"ಕರ್ಕೊಂಡೋಗಾಕ್ ಬಂದ್ಯಾ ಅಣ್ಣಯ್ಯ?" ಅಕ್ಕನ ದನಿ ಬಾವಿಯ ಒಳಗಿಂದ ಬಂದಂತಿತ್ತು. "ಸತ್ರೆ ಕರ್ಕೊಂಡೋಗು. ಉಸ್ರು ಇರೋಗಂಟ ಬರಾಕಿಲ್ಲ."

ಅವನು ಆ ದಿನ ಹಿಂತಿರುಗಲಿಲ್ಲ. ಜಗಲಿಯ ಮೇಲೆ ಮಲಗಿದ್ದು ಬೆಳಿಗ್ಗೆ ಎದ್ದವನು ನನ್ನ ಕೈಯಿಂದ ಕೊಡ ತೆಗೆದುಕೊಂಡು, ತಾನೇ ಬಾವಿಯಿಂದ ನೀರು ಸೇದಿ ಹಿತ್ತಲಿಗೆಲ್ಲ ಹಾಕಿದ. ಅವರೆ ಬಳ್ಳಿ ಎತ್ತಿ ನೋಡಿದ, ಕುರಿಯ ಬೆನ್ನು ಸವರಿದ. ತಂಗಿಯ ಮಗಳು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಅವಳನ್ನೇ ನೋಡುತ್ತ ನಿಂತಿದ್ದವನು ಒಳಗೆ ಬಂದು ಹೇಳಿದ:

"ಅವಳ್ ಮಾತು ನಾನಿನ್ನು ಎತ್ತಾಕಿಲ್ಲ ಕಣವ್ವ. ನೀನು ಎದ್ದು ಗಂಜಿ ಕುಡಿ."

ಅಕ್ಕ ಗೋಡೆ ಕಡೆ ಮುಖ ಮಾಡಿದರು. ಮಧ್ಯಾಹ್ನ ತಾವೇ ಗಂಜಿ ಕೇಳಿದರು.

ಆ ಸುಗ್ಗಿಗೆ ಅಣ್ಣನ ಗಾಡಿ ಬಂದಾಗ ಮೂಟೆ ಇಳಿಯಿತು. ಇನ್ನೂ ಕಾಲು ಗಟ್ಟಿಯಾಗದಿದ್ದರೂ ಅಕ್ಕ ಒಂದು ಹೆಣ್ಣುಮರಿಯನ್ನು ತಬ್ಬಿಕೊಂಡು ಬಂದು ಅವನ ಗಾಡಿಗೆ ಹಾಕಿದರು. "ಬರಿಗೈಲಿ ಯಾಕ್ ಓಗ್ತೀಯ?" ಎಂದರು. ಅಣ್ಣ ನಕ್ಕುಬಿಟ್ಟ. ಅಲ್ಲಿಂದ ಮುಂದೆ ಆ ಮನೆಗಳ ನಡುವೆ ಕೊಡುವುದು ತರುವುದು ಸಲೀಸಾಗಿ ನಡೆಯಿತು.

ಮಗಳು ಪರೀಕ್ಷೆಯಲ್ಲಿ ಪಾಸಾದಳು. ನನ್ನ ಯಜಮಾನರು ಇನ್ನೂ ಎರಡು ವರ್ಷ ಮನೆಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಟ್ಟರು. ಆಮೇಲೆ ಮೈಸೂರಿಗೆ ನರ್ಸಿನ ತರಬೇತಿಗೆ ಹೋದಳು. ಬಸ್ಸು ಹತ್ತಿಸಿ ಬಂದ ದಿನ ಅಕ್ಕ ಎಂದಿನಂತೆ ಕುರಿಗೆ ಸೊಪ್ಪು ಹಾಕಿದರು, ಒಲೆ ಹಚ್ಚಲಿಲ್ಲ. ನಾನು ಅನ್ನ ಕಲಸಿ ತಂದು ಕೊಟ್ಟೆ. ಮುಂದೊಂದು ದಿನ ಅವರೂ ಮುದ್ದೆ ಕಟ್ಟಿ ನನ್ನ ಮುಂದಿಟ್ಟರು. ಆ ಕಾಲದಲ್ಲಿ ನಮ್ಮ ಮನೆಯವರು ಅವರ ಮನೆಯಲ್ಲಿ ಉಣ್ಣುವ ಹಾಗಿರಲಿಲ್ಲ. ನಾನು ಉಂಡೆ.

ಅಕ್ಕ ತೀರಿಕೊಂಡು ಈಗ ಬಹಳ ವರ್ಷವಾಯಿತು. ಮಗಳ ಕ್ವಾರ್ಟರ್ಸಿಗೆ ಬಾ ಎಂದರೆ ವಾರದ ಮಟ್ಟಿಗೆ ಹೋಗಿ ಬರುತ್ತಿದ್ದರೇ ಹೊರತು ಆ ಹಿತ್ತಲನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಸೊಪ್ಪು ಬಿಡಿಸಿಕೊಂಡು ಬಂದು ಜಗಲಿಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಆಗ ಮದ್ದೂರಿನಲ್ಲಿದ್ದ ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮುಖ ತೊಳೆದು ಮಲಗಿಸಿದ್ದರು. ಅಷ್ಟೊಂದು ಸುಮ್ಮನೆ ಇದ್ದ ಅವರ ಕೈಗಳನ್ನು ನಾನು ನೋಡಿದ್ದು ಅದೇ ಮೊದಲು.

ಯುದ್ಧದ ಕಾಲದಲ್ಲಿ ಅಂಗಡಿಗಳಲ್ಲಿ ಕಾಳುಕಡ್ಡಿ ಸಿಗದಾದಾಗ ನನ್ನ ಮಕ್ಕಳು ಹಸಿದು ಮಲಗದೆ ಇದ್ದದ್ದು ಅವರು ಕಲಿಸಿದ ಕೆಲಸದಿಂದ. ಆದರೆ ನನ್ನ ಮೇಲಿನ ಅವರ ಋಣ ಅದಕ್ಕಿಂತ ದೊಡ್ಡದು. ಯಜಮಾನರಿಗೆ ಮದ್ದೂರಿಗೆ ವರ್ಗವಾದ ಹೊಸತರಲ್ಲಿ ನನಗೆ ಮೂರನೆಯ ಹೆರಿಗೆ. ಮಗು ಅಡ್ಡ ತಿರುಗಿತ್ತು. ನೋವು ಶುರುವಾಗಿ ಎರಡನೆಯ ದಿನಕ್ಕೆ ಸೂಲಗಿತ್ತಿ ಕೈ ಚೆಲ್ಲಿದಳು. ಬಾಣಂತನಕ್ಕೆಂದು ಮಳವಳ್ಳಿಯಿಂದ ಬಂದಿದ್ದ ಅಕ್ಕ ತಾವೇ ಆಸ್ಪತ್ರೆಗೆ ಓಡಿದರು. ಅಲ್ಲಿ ಅವರ ಮಗಳು ನರ್ಸಾಗಿ ಸೇರಿ ವರ್ಷವೂ ಆಗಿರಲಿಲ್ಲ, ಡಾಕ್ಟರು ಊರಲ್ಲಿರಲಿಲ್ಲ. ಹುಡುಗಿ ಬಂದಳು, ಮುಟ್ಟಿ ನೋಡಿದಳು, ಮುಖ ಬಿಳಿಚಿಕೊಂಡಿತು. ಬಾಗಿಲ ಆಚೆಯಿಂದ ಅಕ್ಕ ಅಂದದ್ದು ಆ ನೋವಿನಲ್ಲೂ ನನಗೆ ಕೇಳಿಸಿತು.

"ಎದರ್ಬ್ಯಾಡ ಕಣವ್ವ. ಕಲ್ತಿದೀಯ, ಮಾಡು."

ಅವಳು ಮಾಡಿದಳು. ಮಧ್ಯಾಹ್ನದ ಬಿಸಿಲು ಅಂಗಳದಲ್ಲಿರುವಾಗ ಮಗು ಅತ್ತಿತು. ಅಕ್ಕ ಒಳಗೆ ಬಂದು, ಕೂಸನ್ನು ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ನನ್ನ ಪಕ್ಕ ಮಲಗಿಸಿದರು.

"ಎಣ್ಣು ಕಣಮ್ಮಣ್ಣಿ" ಎಂದರು. "ಓದ್ಸು."

ಓದಿಸಿದೆ.