ಕರಡಿಗೆಯಲ್ಲಿ ಕಂಡ ಮುಖ

ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು ನಾನು. ದೆವ್ವ ಕಂಡೆ, ಕನಸು ಖರೆಯಾಯಿತು ಎಂದು ಯಾರಾದರೂ ಹೇಳಿದರೆ ಅವರ ಊಟ, ನಿದ್ದೆ, ಕಣ್ಣಿನ ದೃಷ್ಟಿ ಇವುಗಳ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಪ್ರಶ್ನೆಗಳನ್ನು ನನಗೇ ಹಾಕಿಕೊಳ್ಳುವ ಪಾಳಿ ಬಂದಿದೆ. ಹೊಟ್ಟೆ ತುಂಬ ಉಂಡಿದ್ದೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೆ. ಹಾಡುಹಗಲು, ಸುತ್ತ ಬಿಸಿಲು. ಆದರೂ ಅಂದು ಕಂಡದ್ದನ್ನು ಕಂಡೆನೆಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ.

ನಮ್ಮದು ಶಿಗ್ಗಾಂವಿ ತಾಲೂಕಿನ ದುಂಡಸಿ. ನನ್ನ ತಂದೆಯ ತಮ್ಮ ಈರಪ್ಪ ಕಾಕಾ ಹುಬ್ಬಳ್ಳಿಯಲ್ಲಿ ಲಾರಿ ನಡೆಸುವುದನ್ನು ಕಲಿತು, ಯುದ್ಧ ಶುರುವಾದ ಮೇಲೆ ಅಜ್ಜನ ಮಾತು ಮೀರಿ ಸೈನ್ಯಕ್ಕೆ ಸೇರಿದ. ಆಗ ಅವನ ಮದುವೆಯಾಗಿ ಎಂಟು ತಿಂಗಳು. ಆಫ್ರಿಕದ ಮರಳುಗಾಡಿಗೆ ಹೋದ. ಒಂದು ವರ್ಷದ ಮೇಲೆ, ಇಟಲಿಯವರ ಕೂಡ ನಡೆದ ಒಂದು ಲಡಾಯಿಯಲ್ಲಿ ಕಾಣೆಯಾಗಿದ್ದಾನೆ ಎಂಬ ಕಾಗದ ಬಂತು. ಸತ್ತನೆಂದು ಬರೆದಿರಲಿಲ್ಲ.

ಕೆಲವು ತಿಂಗಳ ಮೇಲೆ ಅವನ ಲಾರಿಯಲ್ಲಿ ಸಿಕ್ಕ ಸಾಮಾನೆಂದು ಒಂದು ಗಂಟು ಬಂತು. ಅದರಲ್ಲಿ ಒಂದು ಅಂಗಿ ಮಾತ್ರ ಕಾಕಾನದು. ಉಳಿದವು ಯಾವನೋ ಇಟಲಿಯ ಸಿಪಾಯಿಯವು: ಅಲ್ಯೂಮಿನಿಯಮ್ಮಿನ ನೀರಿನ ಬಾಟ್ಲಿ, ಬೆಲ್ಟಿನ ಬಕ್ಕಲು, ಕಾಲರಿಗೆ ಹಚ್ಚುವ ಎರಡು ನಕ್ಷತ್ರ, ಸಮುದ್ರದ ಚಿತ್ರದ ಒಂದು ಪೋಸ್ಟ್‌ಕಾರ್ಡು. ಜೊತೆಗೆ ತತ್ತಿಯಾಕಾರದ ಒಂದು ಹಿತ್ತಾಳೆಯ ಡಬ್ಬಿ, ಅದಕ್ಕೆ ದಾರ.

ಆ ಡಬ್ಬಿಯನ್ನು ಕಂಡೊಡನೆ ಅಜ್ಜ ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡ. ನಮ್ಮವರು ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ ಇರುವುದು ಅದೇ ಆಕಾರದಲ್ಲಿ. ಜೀವವಿರುವ ತನಕ ಅದು ಮೈಮೇಲಿನಿಂದ ಇಳಿಯುವುದಿಲ್ಲ. ಸತ್ತರೆ ಲಿಂಗವನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಹಾಗಾದರೆ ಒಬ್ಬನ ಲಿಂಗ ಅವನನ್ನು ಬಿಟ್ಟು ಮನೆಗೆ ಬಂತೆಂದರೆ ಏನರ್ಥ? ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಮತ್ತೊಬ್ಬರ ಲಿಂಗವನ್ನು ಕಂಡವರೆಲ್ಲ ತೆಗೆದು ನೋಡುವಂತಿಲ್ಲ. ಅಜ್ಜ ಅದನ್ನು ದೇವರ ಜಗಲಿಯ ಮೇಲಿಟ್ಟು ದಿನಾಲು ವಿಭೂತಿ ಹಚ್ಚಿ ಒಂದು ಹೂವು ಏರಿಸುತ್ತಿದ್ದ. ತೆಗೆಯದೆ ಇರುವ ತನಕ ಮಗ ಬದುಕಿದ್ದಾನೆ ಎಂಬುದು ಅವನ ಲೆಕ್ಕವಾಗಿತ್ತೆಂದು ಈಗ ಅನಿಸುತ್ತದೆ.

ಕಾಕಾನ ಹೆಂಡತಿ ಗಂಗವ್ವ ಚಿಗವ್ವ ನನಗಿಂತ ಎರಡೇ ವರ್ಷ ದೊಡ್ಡವಳು. ಹಿರೇಕೆರೂರ ಕಡೆಯವಳು. ಅವಳ ಅಣ್ಣ ಚೆನ್ನಪ್ಪ ಪದೇಪದೇ ಹೇಳಿ ಕಳಿಸುತ್ತಿದ್ದ: ಈರಪ್ಪ ಸತ್ತದ್ದು ಖರೆ ಆದರೆ ತಂಗಿಯನ್ನು ಕರೆದುಕೊಂಡು ಹೋಗಿ ಉಡಕಿ ಮಾಡಿಕೊಡುತ್ತೇನೆ. ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹೆಂಡತಿ ಸತ್ತ ಒಬ್ಬ ರೈತನನ್ನೂ ನೋಡಿಟ್ಟಿದ್ದ. ಚೆನ್ನಪ್ಪ ಕೆಟ್ಟವನಲ್ಲ. ಇಪ್ಪತ್ತನಾಲ್ಕರ ತಂಗಿ ಬಾಗಿಲು ನೋಡುತ್ತ ಮುದುಕಿಯಾಗಬಾರದೆಂದು ಅವನ ಸಂಕಟ. ಆದರೆ ಚಿಗವ್ವನಿಗೆ ಕಾಕಾನೇ ಬೇಕಾಗಿತ್ತು. ಅಜ್ಜ ಇರುವ ತನಕ ಆ ಮಾತು ಮುಂದುವರಿಯಲಿಲ್ಲ. ಯುದ್ಧದ ನಾಲ್ಕನೆಯ ವರ್ಷ ಅಜ್ಜ ಹಾಸಿಗೆ ಹಿಡಿದ. ಇಟಲಿಯ ಸಾಮಾನಿದ್ದ ಪೆಟ್ಟಿಗೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನೀ ಓದಿದಾಂವ. ಇವು ಯಾರವು, ನಮ್ಮ ಮನೀಗೆ ಹೆಂಗ ಬಂದುವು, ನೀನ ಹುಡುಕು" ಎಂದ. ಎಂಟು ದಿನಕ್ಕೆ ತೀರಿಕೊಂಡ. ಅವನ ದಿವಸದ ಕಾರ್ಯ ಮುಗಿಯುವುದರೊಳಗೆ ಚೆನ್ನಪ್ಪನ ಕಾಗದ ಬಂತು: ಬರುವ ಸೋಮವಾರ ಬರುತ್ತೇನೆ, ಆ ಡಬ್ಬಿಯನ್ನು ಅಯ್ಯನವರ ಕೈಯಿಂದ ತೆಗೆಸಿ ಒಂದು ನಿರ್ಣಯ ಮಾಡಿರಿ.

ನಾನು ಗುರುವಾರ ಮುಂಜಾನೆ ಯಾರಿಗೂ ಹೇಳದೆ ಡಬ್ಬಿಯನ್ನು ಜಗಲಿಯಿಂದ ತೆಗೆದು ಕೋಟಿನ ಕಿಸೆಯಲ್ಲಿಟ್ಟುಕೊಂಡೆ. ಇದ್ದಲಿಯ ಹೊಗೆಯಿಂದ ಓಡುವ ಆಗಿನ ಬಸ್ಸಿನಲ್ಲಿ ಬಂಕಾಪುರಕ್ಕೆ ಹೋಗಿ, ಚಿನ್ನ ಬೆಳ್ಳಿ ಕೆಲಸ ಮಾಡುವ ಗುರುತಿನ ಒಬ್ಬ ಪತ್ತಾರನಿಗೆ ತೋರಿಸಿದೆ. ಅವನು ಅದನ್ನು ಬಟ್ಟೆಯಲ್ಲಿ ಹಿಡಿದು ನೋಡಿ, "ಇದು ನಮ್ಮ ಮಂದಿ ಮಾಡಿದ್ದಲ್ರಿ. ಈ ಮುಚ್ಚಳದ ತಿರುವು ಮಿಶಿನ್ನಿನ್ಯಾಗ ಕೊರದದ್ದು" ಎಂದ. ತೆಗೆದುಕೊಡು ಎಂದರೆ ಎರಡು ಹನಿ ಎಣ್ಣೆ ಬಿಟ್ಟು ಮರಳಿ ನನ್ನ ಕೈಗಿಟ್ಟ. "ಒಳಗ ಲಿಂಗ ಇದ್ರ? ನಾ ತಗಿಯಾವಲ್ರಿ. ನೀವು ಕಾಲೇಜು ಕಲತಾವ್ರು, ನಿಮಗ ಪಾಪ ಹತ್ತೂದಿಲ್ಲ."

ಕೋಟೆಯ ಕಂದಕದ ದಂಡೆಗೆ ಒಂದು ಬೇವಿನ ಗಿಡವಿತ್ತು. ಅದರ ಬುಡದಲ್ಲಿ ಕೂತು ನಾನೇ ಮುಚ್ಚಳ ತಿರುವಿದೆ. ಬಂತು.

ಒಳಗೆ ಲಿಂಗ ಇರಲಿಲ್ಲ. ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಫೋಟೋ ಇತ್ತು. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಮುದುಕಿ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ತುಟಿಯನ್ನು ಒಳಗೆಳೆದುಕೊಂಡಿದ್ದಳು, ಬಾಯಲ್ಲಿ ಹಲ್ಲಿರಲಿಕ್ಕಿಲ್ಲ. ಫೋಟೋದ ಕೆಳಗೆ ಕೆಂಪು ದಾರದಿಂದ ಕಟ್ಟಿದ ನರೆಗೂದಲು, ಒಂದು ಮಡಿಚಿದ ಚೀಟಿ. ಚೀಟಿಯಲ್ಲಿ ಮೂರು ಸಾಲು. ನಾನು ಅವನ್ನು ಅಕ್ಷರಕ್ಕೆ ಅಕ್ಷರ ನನ್ನ ಕಿಸೆಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಅಲ್ಲಿಂದ ಸವಣೂರಿಗೆ ಹೋದೆ. ಅಲ್ಲಿ ಬ್ಯಾಂಡು ಕಲಿಸುತ್ತಿದ್ದ ಗೋವೆಯ ಒಬ್ಬ ಮುದುಕನಿದ್ದ. ಅವನಿಗೆ ಇಟಲಿಯ ಭಾಷೆ ಅಷ್ಟಿಷ್ಟು ಬರುತ್ತದೆಂದು ಕೇಳಿದ್ದೆ. ಅವನ ಮೇಜಿನ ಮೇಲೆ ಡಬ್ಬಿಯನ್ನು ತೆರೆದಿಟ್ಟೆ. ಅವನು ಫೋಟೋವನ್ನು ಬಹಳ ಹೊತ್ತು ನೋಡಿದ. ಚೀಟಿಯ ಸಾಲುಗಳ ಅರ್ಥ ಹೇಳಿದ: ಇದು ಯಾರಿಗೆ ಸಿಗುತ್ತದೋ ಅವರು ನನ್ನ ತಾಯಿಗೆ ತಲುಪಿಸಿರಿ. ಊರಿನ ಹೆಸರಿರಲಿಲ್ಲ.

ಸಂಜೆ ಮನೆಗೆ ಬಂದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹಿತ್ತಲಿಗೆ ಹೋದೆ. ಚಿಗವ್ವ ಬಿತ್ತನೆಗೆ ಶೇಂಗಾ ಸುಲಿಯುತ್ತ ಕೂತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಲಿಂಗ ಇರಲಿಲ್ಲ?"

"ಇರಲಿಲ್ಲ ಚಿಗವ್ವ."

"ನೀನ, ನಿನ್ನ ಕಣ್ಣಿಲೆ ನೋಡಿದಿ?"

ನೋಡಿದೆನೆಂದೆ. ಕಾಕಾನ ಲಿಂಗ ಕಾಕಾನ ಕೊರಳಲ್ಲೇ ಇರಬೇಕು, ಕೈದಿಯಾಗಿ ಎಲ್ಲೋ ಬದುಕಿರಬಹುದು ಎಂದು ತರ್ಕ ಮಾಡಿ ತೋರಿಸಿದೆ. ಮರುದಿನ ಬಳೆಗಾರ ಬಂದಾಗ ಅವಳು ಎರಡೂ ಕೈ ತುಂಬ ಹಸಿರು ಬಳೆ ಇಡಿಸಿಕೊಂಡಳು. ನನ್ನ ತಾಯಿ ಗಾಬರಿಯಿಂದ ನನ್ನ ಮುಖ ನೋಡಿದಳು.

ಸೋಮವಾರ ಪಡಸಾಲೆಯಲ್ಲಿ ಅಯ್ಯನವರು, ತಂದೆ, ಚೆನ್ನಪ್ಪ, ಓಣಿಯ ಇಬ್ಬರು ಹಿರಿಯರು ಕೂತಿದ್ದರು. ಕಾಕಾನಿಗೆ ಲಿಂಗ ಕಟ್ಟಿದವರು ಅದೇ ಅಯ್ಯನವರು. ಮಾತು ಮುಂದೆ ಹೋಗದೆ ಎಲ್ಲರೂ ಅಡಿಕೆ ಹೋಳು ಆರಿಸುತ್ತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಗವ್ವ ಹಿರಿಯರೆದುರು ಎಂದೂ ಎತ್ತದ ದನಿ ಎತ್ತಿದಳು.

"ತಗೀರಿ. ಒಳಗ ಅವರ ಲಿಂಗ ಇದ್ರ ನಾ ಇವತ್ತ ಅಣ್ಣನ ಕೂಡ ಹೊಂಡತೇನಿ. ಇರದಿದ್ರ ಈ ಮಾತು ಇನ್ನೊಮ್ಮೆ ಯಾರೂ ಆಡಬಾರದು."

ನಾನು ಕಂಬಕ್ಕೆ ಆತು ನಿಂತಿದ್ದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ನನ್ನ ಮುಖದ ಮೇಲೆ ನಗೆಯಿತ್ತು.

ಅಯ್ಯನವರು ಮುಚ್ಚಳ ತಿರುವಿದರು. ಒಳಗೆ ಮಾಸಿದ ಬಿಳಿ ಬಟ್ಟೆ. ಬಟ್ಟೆಯಲ್ಲಿ ಲಿಂಗ. ಅದರ ಮೇಲಿನ ಕಪ್ಪು ಲೇಪ, ಕಂತಿ, ಒಂದು ಬದಿಗೆ ಸಣ್ಣದಾಗಿ ಚಕ್ಕೆ ಎದ್ದಿತ್ತು. ಹುಡುಗನಿದ್ದಾಗ ಈರಪ್ಪ ಬಾವಿಕಟ್ಟೆಯ ಮೇಲೆ ಬೀಳಿಸಿಕೊಂಡದ್ದು ಎಂದು ಅಯ್ಯನವರು ಮೆಲ್ಲಗೆ ಹೇಳಿದರು. ತಂದೆಯೂ ಗುರುತಿಸಿದ. ಈರಪ್ಪ ತನ್ನ ಕರಡಿಗೆ ಮುರಿದದ್ದಕ್ಕೆ ಇಟಲಿಯ ಸಿಪಾಯಿಯ ಡಬ್ಬಿಯಲ್ಲಿ ಇಟ್ಟುಕೊಂಡಿರಬೇಕು ಎಂದರು ಯಾರೋ. ಎಲ್ಲ ಸರಿಯಾಗಿ ಕೂಡಿತು.

ಚಿಗವ್ವ ಲಿಂಗದ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು. ಬಳೆಯ ಸದ್ದಾಗದಂತೆ ಎರಡೂ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು. ಕೊಟ್ಟ ಮಾತಿನಂತೆ ಅಂದೇ ಅಣ್ಣನ ಗಾಡಿ ಹತ್ತಿದಳು.

ನಾನು ಮರುದಿನವೇ ಸವಣೂರಿಗೆ ಓಡಿದೆ. ಬ್ಯಾಂಡಿನ ಮುದುಕ ನನ್ನ ಗುರುತು ಹಿಡಿದ. ಡಬ್ಬಿ ತಂದಿದ್ದು ಹೌದು, ಒಳಗೆ ಬಟ್ಟೆಯಲ್ಲಿ ಸುತ್ತಿದ ಕಪ್ಪನೆಯ ವಸ್ತುವಿತ್ತು, ಇದು ನಿಮ್ಮ ದೇವರು, ಮುಚ್ಚಿಡಿರಿ ಎಂದು ತಾನೇ ಹೇಳಿದ್ದೆನೆಂದ. ಫೋಟೋ? ಇಲ್ಲ. ಚೀಟಿ? ಇಲ್ಲ. ಅಂದು ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆನಂತೆ, ಬಿಸಿಲು ಹತ್ತಿದೆ ಎಂದು ಅವನು ನೀರು ಕೊಟ್ಟನಂತೆ. ನೀರು ಕುಡಿದ ನೆನಪು ನನಗಿಲ್ಲ.

ಕಿಸೆಪುಸ್ತಕ ತೆಗೆದೆ. ಮೂರು ಸಾಲೂ ಅಲ್ಲಿದ್ದವು, ನನ್ನ ಕೈಬರಹದಲ್ಲಿ. ಮುದುಕ ಕನ್ನಡಕ ಏರಿಸಿ ಓದಿ, ನಾನು ಕೇಳದೆಯೇ ಅದೇ ಅರ್ಥ ಹೇಳಿದ. ಆಮೇಲೆ, ಮೊದಲ ಸಲ ನೋಡುವವನಂತೆ, "ಇದನ್ನ ಎಲ್ಲಿಂದ ಬರಕೊಂಡ್ರಿ?" ಎಂದು ಕೇಳಿದ.

ಅಜ್ಜನ ಪೆಟ್ಟಿಗೆಯ ಪೋಸ್ಟ್‌ಕಾರ್ಡಿನಿಂದ ಬಂದಿರಬಹುದೆಂದು ಮನೆಗೆ ಬಂದು ನೋಡಿದೆ. ಅದರ ಹಿಂದೆ ಒಂದಕ್ಷರವೂ ಇಲ್ಲ. ನಡುವಿನ ಮೂರು ದಿನಗಳಲ್ಲಿ ಯಾರೋ ಅದಲುಬದಲು ಮಾಡಿದರು ಎನ್ನೋಣವೆಂದರೆ, ಬದಲಿಗೆ ಇಡಲು ಕಾಕಾನ ಲಿಂಗ ಅವರಿಗೆ ಎಲ್ಲಿಂದ ಸಿಗಬೇಕು? ಚಿಗವ್ವ ಹೋಗಬಾರದೆಂಬ ನನ್ನ ಹಟವೇ ನನ್ನ ಕಣ್ಣಿಗೆ ಮುದುಕಿಯನ್ನು ತೋರಿಸಿತೆ? ಹಾಗಾದರೆ ನನಗೆ ಬಾರದ ಭಾಷೆಯ ಮೂರು ಸಾಲನ್ನು ತಪ್ಪಿಲ್ಲದೆ ಬರೆಸಿದ್ದು ಯಾರು? ಮುಂದೆ ಪರೀಕ್ಷೆಗೆ ಕೂತಾಗ ಓದಿದ್ದನ್ನೇ ನಂಬಲಾಗದೆ ಬರೆದದ್ದನ್ನು ನಾಲ್ಕು ನಾಲ್ಕು ಸಲ ಹೊಡೆದು ಹಾಕಿದೆ. ಆ ವರ್ಷ ನಪಾಸಾದೆ.

ಯುದ್ಧ ಮುಗಿಯಿತು. ಕೈದಿಗಳಾಗಿದ್ದವರು ತಿರುಗಿ ಬಂದರು. ಕಾಕಾ ಬರಲಿಲ್ಲ. ಸತ್ತನೆಂಬ ಕಾಗದವೂ ಬರಲಿಲ್ಲ.

ಮತ್ತೆ ಎರಡು ವರ್ಷದ ಮೇಲೆ ಬೇರೆ ಕೆಲಸದ ನೆವದಿಂದ ಹಿರೇಕೆರೂರಿಗೆ ಹೋದವನು ಚಿಗವ್ವನ ಮನೆ ಹುಡುಕಿಕೊಂಡು ಹೋದೆ. ಸೊಂಟದಲ್ಲಿ ಕೂಸಿತ್ತು. ಗಂಡ ಒಳ್ಳೆಯ ಮನುಷ್ಯ. "ಬರ್ರಿ, ಕುಂಡ್ರಿ" ಎಂದು ತಾನೇ ಕಂಬಳಿ ಹಾಸಿ, ಎತ್ತಿಗೆ ನೀರು ಕುಡಿಸಲು ಹಿಂದಕ್ಕೆ ಹೋದ. ಚಿಗವ್ವ ಮಜ್ಜಿಗೆ ತಂದಳು. ನಾನು ಕುಡಿಯುವ ತನಕ ನಿಂತಿದ್ದಳು.

"ತಮ್ಮಾ, ಅವತ್ತ ನೀ ಖರೇನ ನೋಡಿದ್ದೇನು?"

ನೋಡಿದ್ದೆನೆಂದರೆ, ಬದುಕಿರಬಹುದಾದ ಗಂಡನನ್ನು ಬಿಟ್ಟು ಅವಳು ಈ ಮನೆಗೆ ಬಂದಂತೆ. ಇಲ್ಲವೆಂದರೆ, ಆ ನಾಲ್ಕು ದಿನ ಅವಳಿಗೆ ನಾನು ಬಳೆ ಇಡಿಸಿ ಆಟವಾಡಿದಂತೆ. ಅವಳು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ, ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ದನಿ ತಗ್ಗಿಸಿದಳು.

"ಇಲ್ಲ ಅಂದುಬಿಡು."

"ಇಲ್ಲ ಚಿಗವ್ವ" ಎಂದೆ.

ಅವಳು ಲೋಟ ಇಸಿದುಕೊಂಡು ಒಳಗೆ ಹೋದಳು. ನಾನು ಅಂದು ಹೇಳಿದ್ದು ಸುಳ್ಳೋ ಖರೆಯೋ ನನಗೆ ಇಂದಿಗೂ ಗೊತ್ತಿಲ್ಲ.